ಮೊದಲು ಗುಂಡು, ಆಮೇಲೆ ರೈಫಲ್: ದೂರದ ಬೇಟೆಗೆ ಮಜಲ್‌ಲೋಡರ್ ಆರಿಸುವ ಬಗೆ

ಎರಡು ಮಜಲ್‌ಲೋಡರ್ ರೈಫಲ್‌ಗಳನ್ನು, ಅಂದರೆ ನಳಿಗೆಯ ಬಾಯಿಂದಲೇ ಮದ್ದು, ಗುಂಡು ತುಂಬುವ ಕೋವಿಗಳನ್ನು, ಅಕ್ಕಪಕ್ಕ ಇಟ್ಟುಕೊಳ್ಳಿ. ಎರಡೂ ಹೊಸವು. ಎರಡರ ಮೇಲೂ ಒಳ್ಳೆಯ ಸ್ಕೋಪ್ ಇದೆ. ಗುರಿ 300 ಗಜ ದೂರದಲ್ಲಿದೆ. ಗಂಟೆಗೆ 10 ಮೈಲಿ ವೇಗದ ಗಾಳಿ ಅಡ್ಡಕ್ಕೆ ಬೀಸುತ್ತಿದೆ. ಮೊದಲನೆಯದರ ಗುಂಡು ಗಾಳಿಗೆ ಸಿಕ್ಕಿ ಸುಮಾರು 27 ಇಂಚು ಪಕ್ಕಕ್ಕೆ ಸರಿಯುತ್ತದೆ. ಎರಡನೆಯದರ ಗುಂಡು ಸರಿಯುವುದು ಸುಮಾರು 10 ಇಂಚು ಮಾತ್ರ.

ಇಷ್ಟು ದೊಡ್ಡ ವ್ಯತ್ಯಾಸ ಬರುವುದು ಮುಖ್ಯವಾಗಿ ಗುಂಡಿನ ಆಕಾರದಿಂದ. ಆದರೂ ಕೊಳ್ಳಲು ಹೊರಟವರು ಮೊದಲು ಕೇಳುವುದು "ಯಾವ ಕಂಪನಿಯ ರೈಫಲ್ ಒಳ್ಳೇದು?" ಅಂತ. ಈ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ ಅನ್ನುವುದೇ ನನ್ನ ಮಾತು. ಮೊದಲು ನಿಮ್ಮ ರಾಜ್ಯದ ನಿಯಮ ನೋಡಿ. ಆಮೇಲೆ ಗುಂಡು, ಅದಕ್ಕೆ ತಕ್ಕ ಮದ್ದು, ಮದ್ದಿಗೆ ತಕ್ಕ ಕಿಡಿ. ಇಷ್ಟು ತೀರ್ಮಾನವಾದರೆ ಯಾವ ರೈಫಲ್ ಅನ್ನುವುದು ಹೆಚ್ಚುಕಡಿಮೆ ತಾನಾಗಿಯೇ ಗೊತ್ತಾಗುತ್ತದೆ.

ಅಮೆರಿಕದಲ್ಲಿ ನೆಲೆಸಿ, ಅಲ್ಲಿನ ಬೇಟೆ ಲೈಸೆನ್ಸ್ ಪಡೆದು, ಮಜಲ್‌ಲೋಡರ್ ಸೀಸನ್‌ಗೆ ಹೋಗಬೇಕು ಅಂತ ಯೋಚಿಸುತ್ತಿರುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಪ್ರಾಣಿಗಳ ಬೇಟೆ ಅಪರಾಧ. ಕೊಡಗಿನಲ್ಲಿ ಕೋವಿಯ ಲೈಸೆನ್ಸಿನಿಂದ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ವಿನಾಯ್ತಿ ಇದೆ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಬೇಟೆಗಲ್ಲ. ಹಾಗಾಗಿ ಇಲ್ಲಿ ಹೇಳುವುದೆಲ್ಲ ಅಮೆರಿಕದ ಮಾತು.

ಕೇಪಿನ ಕೋವಿಯಿಂದ ಇನ್‌ಲೈನ್‌ವರೆಗೆ

ಮಲೆನಾಡಿನವರಿಗೆ, ಕೊಡಗಿನವರಿಗೆ ಕೇಪಿನ ಕೋವಿ ಗೊತ್ತಿರುತ್ತದೆ. ನಳಿಗೆಯ ಬಾಯಿಂದ ಮದ್ದು ಸುರಿಯಬೇಕು. ಮೇಲೆ ಗುಂಡೋ ಚರೆಯೋ ಹಾಕಿ ಕೋಲಿನಿಂದ ಜಡಿಯಬೇಕು. ಕೊನೆಗೆ ಕೇಪು ಕೂರಿಸಿ ಕುದುರೆ ಎಳೆಯಬೇಕು. ಒಂದು ಈಡು ಹೊಡೆದರೆ ಮತ್ತೆ ಮೊದಲಿಂದ ಶುರು. ಈಗಿನ ಮಜಲ್‌ಲೋಡರ್ ಕೂಡ ಇದೇ ತತ್ವದಲ್ಲಿ ಕೆಲಸ ಮಾಡುತ್ತದೆ. ತೋಟಾ ಇಲ್ಲ. ಎಲ್ಲವೂ ಬಾಯಿಂದಲೇ ಒಳಗೆ ಹೋಗಬೇಕು.

ಹಳೆಯ ಕೋವಿಯಲ್ಲಿ ಕೇಪು ನಳಿಗೆಯ ಪಕ್ಕದಲ್ಲಿ ಕೂರುತ್ತಿತ್ತು. ಕಿಡಿ ಒಂದು ಸಣ್ಣ ತೂತಿನಲ್ಲಿ ತಿರುಗಿ ಮದ್ದಿನವರೆಗೆ ಬರಬೇಕಿತ್ತು. 1985ರಲ್ಲಿ ಮಿಸೌರಿ ರಾಜ್ಯದ ಟೋನಿ ನೈಟ್ ಎಂಕೆ-85 ಅನ್ನುವ ರೈಫಲ್ ತಂದರು. ಅದರಲ್ಲಿ ಕಿಡಿ ಮದ್ದಿನ ನೇರ ಹಿಂದೆ, ನಳಿಗೆಯ ಸಾಲಿನಲ್ಲೇ ಹುಟ್ಟುತ್ತದೆ. ಅದಕ್ಕೇ ಇದನ್ನು ಇನ್‌ಲೈನ್ ಅನ್ನುತ್ತಾರೆ. ಈ ವಿಚಾರ ಅದಕ್ಕೂ ಮೊದಲೇ ಇತ್ತು. ಆದರೆ ಬೇಟೆಗಾರರ ಕೈಗೆ ಬಂದು ಗಟ್ಟಿಯಾಗಿ ನಿಂತದ್ದು ನೈಟ್ ಅವರ ರೈಫಲ್‌ನಿಂದ. ಮುಂದೆ ಶಾಟ್‌ಗನ್ ತೋಟಾಗಳಿಗೆ ಬಳಸುವ, ಕೇಪಿನಂತೆ ಕಿಡಿ ಹುಟ್ಟಿಸುವ 209 ಪ್ರೈಮರ್ ಇವುಗಳಿಗೆ ಬಂತು. ನಳಿಗೆಯ ಹಿಂಬದಿಯನ್ನು ಮುಚ್ಚುವ, ಹಿಂದಿನಿಂದ ಬಿಚ್ಚಬಹುದಾದ ಬ್ರೀಚ್ ಪ್ಲಗ್ ಸಾಮಾನ್ಯವಾಯಿತು. ಸ್ಕೋಪ್ ಕೂಡ ಬಂತು. 100 ಗಜದ ಆಯುಧ ಅನ್ನಿಸಿಕೊಂಡಿದ್ದ ಕೋವಿ 200 ಗಜ ದಾಟಿತು.

ಆದರೆ ದೂರಕ್ಕೆ ಹೊಡೆಯುವ ಮಜಲ್‌ಲೋಡರ್ ಅನ್ನುವುದು ಈ ಕಾಲದ ಕಲ್ಪನೆ ಅಂದುಕೊಳ್ಳಬೇಡಿ. 1850ರ ದಶಕದಲ್ಲೇ ಬ್ರಿಟಿಷ್ ಎಂಜಿನಿಯರ್ ಜೋಸೆಫ್ ವಿಟ್ವರ್ತ್ ಇದರ ಗುಟ್ಟು ಕಂಡುಕೊಂಡಿದ್ದರು. ಆಗ ಬ್ರಿಟಿಷ್ ಸೈನ್ಯದ ಎನ್‌ಫೀಲ್ಡ್ ರೈಫಲ್‌ನ ನಳಿಗೆ 0.577 ಇಂಚು ಅಗಲ ಇತ್ತು. ಒಳಗಿನ ಸುರುಳಿ ಗೀರುಗಳು 78 ಇಂಚಿಗೆ ಒಂದು ಸುತ್ತು ತಿರುಗುತ್ತಿದ್ದವು. ವಿಟ್ವರ್ತ್ ನಳಿಗೆಯನ್ನು 0.451 ಇಂಚಿಗೆ ಇಳಿಸಿದರು. ಸುತ್ತನ್ನು 20 ಇಂಚಿಗೆ ಒಂದು ಮಾಡಿದರು. ಗುಂಡನ್ನು ಉದ್ದ ಮಾಡಿದರು. ಅವರ ರೈಫಲ್ ಎನ್‌ಫೀಲ್ಡ್ ಅನ್ನು ದೂರದಲ್ಲಿ ಎಷ್ಟೋ ಹಿಂದೆ ಹಾಕಿತು. 1874ರಲ್ಲಿ ನ್ಯೂಯಾರ್ಕ್ ಬಳಿಯ ಕ್ರೀಡ್‌ಮೂರ್‌ನಲ್ಲಿ ಐರಿಷ್ ತಂಡ ಮಜಲ್‌ಲೋಡರ್ ಹಿಡಿದು 800, 900 ಮತ್ತು 1000 ಗಜಗಳಲ್ಲಿ ಸ್ಪರ್ಧಿಸಿತು. ಹಿಂದಿನಿಂದ ತುಂಬುವ ರೈಫಲ್ ಹಿಡಿದಿದ್ದ ಅಮೆರಿಕನ್ನರ ಎದುರು ಸೋತದ್ದು 931ಕ್ಕೆ 934, ಬರೀ 3 ಅಂಕಗಳಿಂದ.

ಈಗ ಅಂಗಡಿಯಲ್ಲಿ ದೂರದ ಬೇಟೆಗೆ ಅಂತಲೇ ಮಾರುವ ಮಜಲ್‌ಲೋಡರ್‌ಗಳನ್ನು ನೋಡಿ. 0.45 ಇಂಚಿನ ನಳಿಗೆ, 22 ಇಂಚಿಗೋ 20 ಇಂಚಿಗೋ ಒಂದು ಸುತ್ತು, ಉದ್ದನೆಯ ಗುಂಡು. ವಿಟ್ವರ್ತ್ ಹಾಕಿದ ಲೆಕ್ಕಕ್ಕೇ 160 ವರ್ಷಗಳ ಮೇಲೆ ನಾವು ಮತ್ತೆ ಬಂದು ನಿಂತಿದ್ದೇವೆ ಅಲ್ವಾ?

ನಿಯಮ ನೋಡದೆ ದುಡ್ಡು ಕೊಡಬೇಡಿ

ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಮಜಲ್‌ಲೋಡರ್‌ಗೇ ಬೇರೆ ಸೀಸನ್ ಇದೆ. ಜನ ಇದಕ್ಕೆ ಮುಗಿಬೀಳುವುದು ಸುಮ್ನೆ ಅಲ್ಲ. ಕಾಡಿನಲ್ಲಿ ಗದ್ದಲ ಕಡಿಮೆ ಇರುತ್ತದೆ. ಕೆಲವು ಕಡೆ ಕಾಲವೂ ಚೆನ್ನಾಗಿರುತ್ತದೆ. ಕೊಲರಾಡೊದಲ್ಲಿ ಈ ಸೀಸನ್ ಸೆಪ್ಟೆಂಬರ್‌ನಲ್ಲಿ ಬರುತ್ತದೆ. ಎಲ್ಕ್ ಅನ್ನುವ ದೊಡ್ಡ ಜಿಂಕೆಗಳು ಬೆದೆಗೆ ಬಂದು ಕೂಗುವ ಹೊತ್ತು ಅದು.

ಆದರೆ "ಮಜಲ್‌ಲೋಡರ್ ಅಂದರೇನು" ಅನ್ನುವುದನ್ನು ಪ್ರತಿ ರಾಜ್ಯ ತನ್ನದೇ ರೀತಿ ತೀರ್ಮಾನಿಸುತ್ತದೆ. ಕೊಲರಾಡೊದ ಮಜಲ್‌ಲೋಡರ್ ಸೀಸನ್‌ನಲ್ಲಿ ಸ್ಕೋಪ್ ಹಾಕುವ ಹಾಗಿಲ್ಲ. ಗುಂಡಿನ ಸುತ್ತ ಹಾಕುವ ಪ್ಲಾಸ್ಟಿಕ್ ಹೊದಿಕೆ, ಅಂದರೆ ಸೇಬಟ್, ಬಳಸುವ ಹಾಗಿಲ್ಲ. ಮಾತ್ರೆಯ ಹಾಗೆ ಅಚ್ಚು ಹಾಕಿದ ಮದ್ದೂ ಇಲ್ಲ. ಐಡಹೊದ ಮಜಲ್‌ಲೋಡರ್-ಮಾತ್ರ ಬೇಟೆಗಳಲ್ಲಿ 209 ಪ್ರೈಮರ್‌ಗೇ ಅವಕಾಶ ಇಲ್ಲ. ಚಕಮಕಿ ಕಲ್ಲು, ಕೇಪು, ಮಸ್ಕೆಟ್ ಕೇಪು ಇಷ್ಟೇ. ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್ಮಸ್ ಆದ ಮೇಲೆ ಬರುವ ಸೀಸನ್ ಚಕಮಕಿ ಕೋವಿಗೆ ಮೀಸಲು. ಕಾನ್ಸಾಸ್, ಒಹಾಯೊದಂಥ ಕಡೆ ಸ್ಕೋಪ್ ಹಾಕಿದ ಇನ್‌ಲೈನ್ ರೈಫಲ್ ಆರಾಮಾಗಿ ಒಯ್ಯಬಹುದು.

ನಿಯಮಗಳು ಬದಲಾಗುತ್ತಲೂ ಇರುತ್ತವೆ. ಯೂಟಾ ರಾಜ್ಯ 2016ರಲ್ಲಿ ದೊಡ್ಡದು ಮಾಡಿ ತೋರಿಸುವ ಸ್ಕೋಪ್‌ಗಳಿಗೆ ಅವಕಾಶ ಕೊಟ್ಟಿತು. ಜನ ದುಬಾರಿ ರೈಫಲ್, ದುಬಾರಿ ಸ್ಕೋಪ್ ಕೊಂಡರು. ಹೊಡೆಯುವ ದೂರ ಜಾಸ್ತಿಯಾಯಿತು. ಮಜಲ್‌ಲೋಡರ್ ಸೀಸನ್‌ಗೂ ಸಾಮಾನ್ಯ ರೈಫಲ್ ಸೀಸನ್‌ಗೂ ಏನು ವ್ಯತ್ಯಾಸ ಉಳಿಯಿತು ಅನ್ನುವ ಪ್ರಶ್ನೆ ಎದ್ದಿತು. 2024ಕ್ಕೆ ಆ ಅವಕಾಶವನ್ನು ವಾಪಸ್ ತೆಗೆದರು. ಈ ತೀರ್ಮಾನ ನನಗೆ ಸರಿ ಅನ್ನಿಸುತ್ತದೆ. ಕಷ್ಟದ ಆಯುಧ ಅಂತಲೇ ಕೊಟ್ಟ ಸೀಸನ್ ಅದು. ಕಷ್ಟ ಪೂರ್ತಿ ಹೋದರೆ ಸೀಸನ್‌ಗೆ ಅರ್ಥ ಇರುವುದಿಲ್ಲ.

ಹಾಗಾಗಿ ಬೇಟೆಗೆ ಹೋಗುವ ರಾಜ್ಯದ ವನ್ಯಜೀವಿ ಇಲಾಖೆಯ ಆ ವರ್ಷದ ನಿಯಮ ಪುಸ್ತಕ ಓದಿ. ಹೋದ ವರ್ಷದ್ದು ಬೇಡ. ಸ್ಕೋಪ್‌ಗೆ ಅವಕಾಶ ಇಲ್ಲದ ಕಡೆ 300 ಗಜದ ರೈಫಲ್ ಕೊಳ್ಳುವುದು ದುಡ್ಡು ದಂಡ. ತೆರೆದ ಸೈಟ್‌ನಲ್ಲಿ ಬಹಳಷ್ಟು ಜನರ ಮಿತಿ 100 ಗಜದ ಆಸುಪಾಸು, ಚೆನ್ನಾಗಿ ಅಭ್ಯಾಸ ಇದ್ದವರದ್ದು 150.

ವೀಸಾದಲ್ಲಿ ಇರುವವರಿಗೆ ಇನ್ನೊಂದು ಮಾತು. ಎಚ್-1ಬಿಯಂಥ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನು ಫೆಡರಲ್ ಕಾನೂನು ಸಾಮಾನ್ಯವಾಗಿ ತಡೆಯುತ್ತದೆ. ಅಲ್ಲಿನ ರಾಜ್ಯವೊಂದು ಕೊಟ್ಟ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯ್ತಿ ಇದೆ. ಕಪ್ಪು ಮದ್ದಿನ ಮಜಲ್‌ಲೋಡರ್‌ಗಳಲ್ಲಿ ಬಹಳಷ್ಟನ್ನು ಫೆಡರಲ್ ಕಾನೂನು ಬಂದೂಕು ಅಂತಲೇ ಎಣಿಸುವುದಿಲ್ಲ. ಆದರೆ ರಾಜ್ಯದ ಕಾನೂನು ಬೇರೆ ಹೇಳಬಹುದು. ಇಲ್ಲಿ ತಪ್ಪಾದರೆ ವೀಸಾಕ್ಕೇ ಕುತ್ತು. ಕೊಳ್ಳುವ ಮೊದಲು ಒಬ್ಬ ವಕೀಲರನ್ನು ಕೇಳಿಬಿಡಿ.

ಗಾಳಿಯ ಲೆಕ್ಕ

ಸ್ಕೋಪ್‌ಗೆ ಅವಕಾಶ ಇದೆ ಅಂತಿಟ್ಟುಕೊಂಡು ಮುಂದೆ ಹೋಗೋಣ. ಗುಂಡು ಗಾಳಿಯನ್ನು ಎಷ್ಟು ಚೆನ್ನಾಗಿ ಸೀಳಿಕೊಂಡು ಹೋಗುತ್ತದೆ ಅನ್ನುವುದಕ್ಕೆ ಒಂದು ಅಂಕಿ ಇದೆ. ಅದು ಬ್ಯಾಲಿಸ್ಟಿಕ್ ಕೋಎಫಿಷಿಯೆಂಟ್, ಚಿಕ್ಕದಾಗಿ ಬಿ.ಸಿ. ಅಂಕಿ ದೊಡ್ಡದಾದಷ್ಟೂ ಗುಂಡು ವೇಗ ಕಳೆದುಕೊಳ್ಳುವುದು ನಿಧಾನ. ಗಿಡ್ಡ, ದಪ್ಪ ಗುಂಡಿಗೆ ಬಿ.ಸಿ. ಕಡಿಮೆ. ಉದ್ದ, ಚೂಪು ಗುಂಡಿಗೆ ಜಾಸ್ತಿ.

0.50 ನಳಿಗೆಯ ಸಾಮಾನ್ಯ ರೈಫಲ್‌ನಲ್ಲಿ ಜನ ಬಳಸುವುದು 250 ಗ್ರೇನ್ ತೂಕದ ಗುಂಡು, ಅಂದರೆ ಸುಮಾರು 16 ಗ್ರಾಂ. ಅದು 0.45 ಇಂಚಿನ ಪಿಸ್ತೂಲು ಗುಂಡಿನಷ್ಟು ದಪ್ಪ. ನಳಿಗೆ ಅದಕ್ಕಿಂತ ಅಗಲ ಇರುವುದರಿಂದ ಸುತ್ತ ಒಂದು ಪ್ಲಾಸ್ಟಿಕ್ ಹೊದಿಕೆ ಹಾಕಿ ಇಳಿಸುತ್ತಾರೆ. ಇದೇ ಸೇಬಟ್. ಬಾಯಿ ದಾಟಿದ ಕೂಡಲೇ ಅದು ಕಳಚಿ ಬೀಳುತ್ತದೆ. ಇಂಥ ಗುಂಡಿನ ಬಿ.ಸಿ. 0.20ರ ಆಸುಪಾಸು. ಇನ್ನೊಂದು ಕಡೆ, ದೂರಕ್ಕೆ ಅಂತಲೇ ಮಾಡಿದ, 0.45 ಇಂಚಿನ ನಳಿಗೆಯ ಪವರ್‌ಬೆಲ್ಟ್ ಇಎಲ್ಆರ್ ಅನ್ನುವ ಗುಂಡು 280 ಗ್ರೇನ್. ಅದರ ಬಿ.ಸಿ. ಸುಮಾರು 0.45.

ಮೊದಲನೆಯದು ಸೆಕೆಂಡಿಗೆ 2000 ಅಡಿ, ಎರಡನೆಯದು 2200 ಅಡಿ ವೇಗದಲ್ಲಿ ಹೊರಟಿತು ಅಂತಿಟ್ಟುಕೊಂಡು ನಾನು ಲೆಕ್ಕ ಹಾಕಿದ್ದೇನೆ. ಎರಡನ್ನೂ 100 ಗಜಕ್ಕೆ ಸರಿಹೊಂದಿಸಿದ್ದೇವೆ ಅನ್ನೋಣ. 200 ಗಜದಲ್ಲಿ ಮೊದಲನೆಯದು ಸುಮಾರು 12 ಇಂಚು ಕೆಳಗೆ ಬೀಳುತ್ತದೆ, ಎರಡನೆಯದು 7 ಇಂಚು. 300ರಲ್ಲಿ ಮೊದಲನೆಯದು ಸುಮಾರು 45 ಇಂಚು, ಎರಡನೆಯದು 25.

ಕೆಳಗೆ ಬೀಳುವುದು ದೊಡ್ಡ ಸಮಸ್ಯೆ ಅಲ್ಲ. ರೇಂಜ್‌ಫೈಂಡರ್ ದೂರವನ್ನು ಗಜದ ಲೆಕ್ಕದಲ್ಲಿ ತೋರಿಸುತ್ತದೆ. ಸ್ಕೋಪ್‌ನ ಗುಬುಟು ತಿರುಗಿಸಿದರೆ ಆಯಿತು. ಗಾಳಿಯನ್ನು ಹಾಗೆ ಅಳೆಯಲು ಆಗುವುದಿಲ್ಲ. ನಿಮ್ಮ ಹತ್ತಿರ ಬೀಸುವ ಗಾಳಿಯೇ ಬೇರೆ, ಕಣಿವೆಯ ಮಧ್ಯದಲ್ಲಿ ಬೀಸುವುದೇ ಬೇರೆ. ಹುಲ್ಲು ಬಾಗುವುದನ್ನು ನೋಡಿ ಅಂದಾಜು ಮಾಡಬೇಕು. ಒಳ್ಳೆಯ ಬೇಟೆಗಾರರ ಅಂದಾಜೂ ಗಂಟೆಗೆ 5 ಮೈಲಿ ಆಚೀಚೆ ಆಗುವುದು ಸಹಜ.

ಬಿಳಿಬಾಲದ ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು 8 ಇಂಚಿನ ಒಂದು ವೃತ್ತ. ಅಂದರೆ ನಡುವಿನಿಂದ ಯಾವ ಕಡೆಗೂ 4 ಇಂಚು ತಪ್ಪಬಹುದು, ಅಷ್ಟೇ. ಗಾಳಿಯ ಅಂದಾಜು 5 ಮೈಲಿ ತಪ್ಪಿತು ಅನ್ನಿ. 200 ಗಜದಲ್ಲಿ ಮೊದಲ ಗುಂಡು ಐದೂವರೆ ಇಂಚು ಆಚೆ ಹೋಗುತ್ತದೆ. ಗಾಯವಾದ ಜಿಂಕೆ ಓಡಿಹೋಗುತ್ತದೆ. ಎರಡನೆಯ ಗುಂಡು ಸುಮಾರು 2 ಇಂಚು ಸರಿಯುತ್ತದೆ. ಅದು ಬೀಳಬೇಕಾದ ಜಾಗದೊಳಗೇ ಬೀಳುತ್ತದೆ.

300 ಗಜಕ್ಕೆ ಹೋಗಿ. ಮೊದಲ ಗುಂಡು 13 ಇಂಚು ಆಚೆ. ಎರಡನೆಯದು? 5 ಇಂಚು. ಅದೂ ವೃತ್ತದ ಹೊರಗೆ! ಇಷ್ಟು ಒಳ್ಳೆಯ ಗುಂಡು ಹಿಡಿದರೂ 300 ಗಜದಲ್ಲಿ ಗಾಳಿಯ ಒಂದು ಸಣ್ಣ ತಪ್ಪು ಅಂದಾಜು ಸಾಕು. ಈ ಲೆಕ್ಕವನ್ನು ಜಾಹೀರಾತುಗಳಲ್ಲಿ ಯಾರೂ ತೋರಿಸುವುದಿಲ್ಲ. ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ.

ಹೊಡೆತದ ಬಲವೂ ಹಾಗೆಯೇ. 300 ಗಜಕ್ಕೆ ಬರುವಷ್ಟರಲ್ಲಿ ಮೊದಲ ಗುಂಡು ಸೆಕೆಂಡಿಗೆ ಸುಮಾರು 1150 ಅಡಿಗೆ ಇಳಿದಿರುತ್ತದೆ. ಅದು ಶಬ್ದದ ವೇಗದ ಹತ್ತಿರ. ಆ ಹಂತದಲ್ಲಿ ಗುಂಡು ಅಲುಗಾಡಬಹುದು. ಪ್ರಾಣಿಗೆ ತಾಗಿದರೂ ಸರಿಯಾಗಿ ಅರಳದೇ ಹೋಗಬಹುದು. ಎರಡನೆಯದು ಇನ್ನೂ 1700 ಅಡಿಯ ಆಸುಪಾಸಿನಲ್ಲಿ ಇರುತ್ತದೆ. ಅದರ ಬಲ ಮೊದಲನೆಯದರ ಎರಡು ಪಟ್ಟಿಗಿಂತ ಜಾಸ್ತಿ.

ಉದ್ದ ಗುಂಡಿಗೆ ಬಿಗಿ ಸುತ್ತು

ಹಾಗಾದರೆ ಎಲ್ಲರೂ ಉದ್ದ ಗುಂಡನ್ನೇ ಬಳಸಬಹುದಲ್ಲ? ಬಳಸಬಹುದು, ಆದರೆ ನಳಿಗೆ ಅದಕ್ಕೆ ಒಪ್ಪಬೇಕು. ಬುಗುರಿ ವೇಗವಾಗಿ ತಿರುಗುವಷ್ಟು ಹೊತ್ತು ನೆಟ್ಟಗೆ ನಿಲ್ಲುತ್ತದೆ, ನಿಧಾನವಾದರೆ ವಾಲುತ್ತದೆ. ಗುಂಡಿನದ್ದೂ ಅದೇ ಕಥೆ. ಗುಂಡು ಉದ್ದವಾದಷ್ಟೂ ಅದನ್ನು ನೆಟ್ಟಗಿಡಲು ಜಾಸ್ತಿ ತಿರುಗುವಿಕೆ ಬೇಕು. ಬಟ್ಟೆ ಸುತ್ತಿ ಹಾಕುವ ಹಳೆಯ ಉರುಟು ಗುಂಡಿಗೆ 60 ಇಂಚಿಗೋ 66 ಇಂಚಿಗೋ ಒಂದು ಸುತ್ತು ಸಾಕಿತ್ತು. ಸೇಬಟ್ ಗುಂಡಿನ 0.50 ಇನ್‌ಲೈನ್‌ಗಳಲ್ಲಿ 28ಕ್ಕೆ ಒಂದು ಇರುತ್ತದೆ. ದೂರದ 0.45ಗಳಲ್ಲಿ 22 ಅಥವಾ 20ಕ್ಕೆ ಒಂದು.

ಇದನ್ನು ಆಮೇಲೆ ಬದಲಿಸಲು ಆಗುವುದಿಲ್ಲ. ಸ್ಕೋಪ್ ಬದಲಿಸಬಹುದು, ಹಿಡಿ ಬದಲಿಸಬಹುದು. ನಳಿಗೆಯ ಸುತ್ತು ನೀವು ಕೊಂಡಾಗ ಏನಿತ್ತೋ ಅದೇ. ಅಂಗಡಿಯಲ್ಲಿ ಒಂದೇ ಒಂದು ಅಂಕಿ ಕೇಳುವುದಾದರೆ ಇದನ್ನು ಕೇಳಿ.

ಸೇಬಟ್ ಬೇಕೋ ಬೇಡವೋ ಅನ್ನುವುದೂ ಇಲ್ಲೇ ತೀರ್ಮಾನವಾಗಬೇಕು. ಸೇಬಟ್ ಅಗ್ಗ, ಬಳಸಲು ಸುಲಭ. 150 ಗಜದವರೆಗೆ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅದು ಪ್ಲಾಸ್ಟಿಕ್. ಬಿಸಿ ನಳಿಗೆಯಲ್ಲಿ ಮೆತ್ತಗಾಗುತ್ತದೆ. ಚಳಿಯಲ್ಲಿ ಗಟ್ಟಿಯಾಗಿ ಇಳಿಸುವುದೇ ಕಷ್ಟ. ಪ್ರತಿ ಸಲ ಒಂದೇ ರೀತಿ ಕಳಚಿಕೊಳ್ಳುತ್ತದೆ ಅನ್ನುವ ಖಾತರಿ ಇಲ್ಲ. ದೂರಕ್ಕೆ ಹೊಡೆಯುವವರು ನಳಿಗೆಯ ಅಳತೆಗೇ ಹೊಂದುವ ಗುಂಡನ್ನು ನೇರ ಇಳಿಸುತ್ತಾರೆ. ಕೆಲವರು ಗುಂಡನ್ನು ತಮ್ಮ ನಳಿಗೆಗೆ ತಕ್ಕಂತೆ ಅಚ್ಚಿನಲ್ಲಿ ಒತ್ತಿ ಸರಿ ಮಾಡಿಕೊಳ್ಳುವುದೂ ಉಂಟು. ಅತಿ ಬಿಗಿಯಾದರೆ ಕಾಡಿನಲ್ಲಿ ಇಳಿಯುವುದಿಲ್ಲ. ಅತಿ ಸಡಿಲವಾದರೆ ನಡೆಯುವಾಗ ಮದ್ದಿನಿಂದ ಮೇಲೆ ಜಾರುತ್ತದೆ. ಜಾರಿದ ಗುಂಡಿಗೂ ಮದ್ದಿಗೂ ಮಧ್ಯೆ ಜಾಗ ಬಿಟ್ಟರೆ ನಳಿಗೆ ಒಡೆಯುವ ಅಪಾಯ ಇದೆ. ಹಾಗಾಗಿ ಗುಂಡು ಪೂರ್ತಿ ಕೂತಾಗ ಜಡಿಯುವ ಕೋಲಿನ ಮೇಲೆ ಒಂದು ಗುರುತು ಹಾಕಿಟ್ಟುಕೊಳ್ಳಿ. ಪ್ರತಿ ಸಲ ಕೋಲು ಆ ಗುರುತಿನವರೆಗೆ ಇಳಿಯಲೇಬೇಕು.

ಮದ್ದು ಮತ್ತು ಕಿಡಿ

ಅಸಲಿ ಕಪ್ಪು ಮದ್ದು ಅಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ. ನೂರರಲ್ಲಿ 75, 15, 10 ಭಾಗ. ಹೊಗೆ ಜಾಸ್ತಿ, ಮಸಿ ಜಾಸ್ತಿ. ಆ ಮಸಿ ಗಾಳಿಯ ತೇವ ಹೀರಿ ಉಕ್ಕನ್ನು ತಿನ್ನುತ್ತದೆ. ಅದರ ಬದಲಿಗೆ ಪೈರೊಡೆಕ್ಸ್ ಬಂತು, ಆಮೇಲೆ ಗಂಧಕ ಇಲ್ಲದ ಟ್ರಿಪಲ್ ಸೆವೆನ್ ಬಂತು. ಇವು ಪುಡಿಯಾಗಿಯೂ ಅಚ್ಚಾಗಿಯೂ ಸಿಗುತ್ತವೆ. ಮಾತ್ರೆಯಂಥ ಅಚ್ಚು ಮದ್ದನ್ನು ನಳಿಗೆಗೆ ಹಾಕುವುದು ಸುಲಭ. ಆದರೆ ದೂರದ ಗುರಿಗೆ ನಾನು ಅದನ್ನು ಒಪ್ಪುವುದಿಲ್ಲ. ಮುರಿದ ಅಂಚು, ಉದುರಿದ ಪುಡಿ ಇವುಗಳಿಂದ ಪ್ರತಿ ಈಡಿನ ವೇಗ ಸ್ವಲ್ಪ ಬೇರೆಯಾಗುತ್ತದೆ. ಮೇಲೆ ಲೆಕ್ಕ ಹಾಕಿದ ಎರಡನೆಯ, ಉದ್ದ ಗುಂಡಿನಲ್ಲಿ ಕೂಡ ಸೆಕೆಂಡಿಗೆ 50 ಅಡಿ ವ್ಯತ್ಯಾಸ ಬಂದರೆ 300 ಗಜದಲ್ಲಿ ಸುಮಾರು 2 ಇಂಚು ಮೇಲೆ ಕೆಳಗೆ ಆಗುತ್ತದೆ. ಗಾಳಿಯ ತಪ್ಪಿನ ಜೊತೆ ಇದನ್ನೂ ಸೇರಿಸಿ ನೋಡಿ.

2008ರಲ್ಲಿ ಬಂದ ಬ್ಲ್ಯಾಕ್‌ಹಾರ್ನ್ 209 ದೂರದ ಬೇಟೆಗಾರರ ಮದ್ದಾಗಿ ನಿಂತಿದೆ. ಮಸಿ ಬಹಳ ಕಡಿಮೆ. ನಡುವೆ ಒರೆಸದೆ ಹಲವು ಈಡು ಹೊಡೆಯಬಹುದು. ತೇವಕ್ಕೆ ಬೇಗ ಕೆಡುವುದಿಲ್ಲ. ಬೆಲೆ ಮಾತ್ರ ಜಾಸ್ತಿ, ಬರುವುದು 10 ಔನ್ಸ್ ಡಬ್ಬಿಯಲ್ಲಿ. ಇನ್ನೊಂದು ಮುಖ್ಯ ವಿಷಯ: ಇದಕ್ಕೆ ಬಿಸಿ ಕಿಡಿ ಬೇಕು. ಸಾದಾ ಕೇಪು ಸಾಲದು. ಪೂರ್ತಿ ಬಲದ 209 ಪ್ರೈಮರ್, ಅದಕ್ಕೆ ತಕ್ಕ ಬ್ರೀಚ್ ಪ್ಲಗ್ ಬೇಕು.

ಇಲ್ಲೊಂದು ಎಚ್ಚರಿಕೆಯನ್ನು ದಯವಿಟ್ಟು ಮನಸ್ಸಿಟ್ಟು ಓದಿ. ಮಜಲ್‌ಲೋಡರ್ ಮದ್ದನ್ನು ಅಳೆಯುವುದು ಗಾತ್ರದಲ್ಲಿ. ಕಪ್ಪು ಮದ್ದು 100 ಗ್ರೇನ್ ಹಿಡಿಯುವ ಅಳತೆಗೊಳವೆಯಲ್ಲಿ ಬ್ಲ್ಯಾಕ್‌ಹಾರ್ನ್ ತುಂಬಿದರೆ ತಕ್ಕಡಿಯಲ್ಲಿ ಅದು ಸುಮಾರು 70 ಗ್ರೇನ್ ತೂಗುತ್ತದೆ. ದೂರಕ್ಕೆ ಹೊಡೆಯುವವರು ನಿಖರತೆಗಾಗಿ ತೂಕ ಮಾಡುತ್ತಾರೆ, ಅದು ಒಳ್ಳೆಯದೇ. ಆದರೆ ಪುಸ್ತಕದಲ್ಲಿ "100" ಅಂತ ಬರೆದಿರುವುದು ಗಾತ್ರವೋ ತೂಕವೋ ನೋಡದೆ 100 ಗ್ರೇನ್ ತೂಗಿ ಹಾಕಿದರೆ ಮದ್ದು ಮಿತಿ ಮೀರುತ್ತದೆ. ನಿಮ್ಮ ರೈಫಲ್‌ನ ಕೈಪಿಡಿ ಹೇಳಿದ ಗರಿಷ್ಠ ಅಳತೆಯನ್ನು ಒಂದು ಗ್ರೇನ್ ಕೂಡ ದಾಟಬೇಡಿ.

ಕಿಡಿಯ ವಿಷಯಕ್ಕೆ ಬಂದರೆ, 209 ಪ್ರೈಮರ್ ಎಲ್ಲ ಕಡೆ ಸಿಗುತ್ತದೆ, ಅಗ್ಗ. ಅದರ ಸುತ್ತ ಅನಿಲ ಹಿಂದಕ್ಕೆ ನುಗ್ಗುವುದೇ ಅದರ ಕೊರತೆ. ಮದ್ದು ಜಾಸ್ತಿಯಾದಷ್ಟೂ ಇದು ಜಾಸ್ತಿ. ಅದಕ್ಕೇ ಸಿವಿಎ ಕಂಪನಿ 2019ರಲ್ಲಿ ತಂದ ಪ್ಯಾರಮೌಂಟ್ ರೈಫಲ್‌ನಲ್ಲಿ ಬೇರೆ ದಾರಿ ಹಿಡಿದರು. ಸಣ್ಣ ಲೋಹದ ಬಟ್ಟಲಿನಲ್ಲಿ ರೈಫಲ್ ಪ್ರೈಮರ್ ಕೂರಿಸಿ ಹಿಂದಿನಿಂದ ಹಾಕುವುದು. ಬಟ್ಟಲು ಹಿಗ್ಗಿ ಅನಿಲವನ್ನು ತಡೆಯುತ್ತದೆ. ರೆಮಿಂಗ್ಟನ್ 2014ರಲ್ಲಿ ತಂದ 700 ಅಲ್ಟಿಮೇಟ್ ಮಜಲ್‌ಲೋಡರ್‌ನಲ್ಲೂ ಇಂಥದ್ದೇ ಉಪಾಯ ಇತ್ತು. ಅದು 200 ಗ್ರೇನ್‌ನಷ್ಟು ಅಚ್ಚು ಮದ್ದು ತಡೆಯುತ್ತಿತ್ತು.

ಆಧುನಿಕ ತೋಟಾಗಳಲ್ಲಿರುವ ಹೊಗೆರಹಿತ ಮದ್ದಿನ ಆಸೆಯೂ ಕೆಲವರಿಗೆ ಇರುತ್ತದೆ. ಸಾವೇಜ್ ಕಂಪನಿಯ 10ಎಂಎಲ್ ಸರಣಿ ಅದಕ್ಕಾಗಿಯೇ ಮಾಡಿದ್ದು, ಈಗ ತಯಾರಾಗುವುದಿಲ್ಲ. ಕೆಲವು ಕುಶಲಕರ್ಮಿಗಳು ಈಗಲೂ ಅಂಥ ರೈಫಲ್ ಕಟ್ಟಿಕೊಡುತ್ತಾರೆ. ಬೇರೆ ಯಾವ ಮಜಲ್‌ಲೋಡರ್‌ನಲ್ಲಿ ಆ ಮದ್ದು ಹಾಕಿದರೂ ನಳಿಗೆ ಸಿಡಿದು ಕೈ, ಕಣ್ಣು ಹೋಗುತ್ತದೆ. ಹೊಸಬರು ಅದರ ಹತ್ತಿರವೂ ಹೋಗಬಾರದು. ಅನೇಕ ರಾಜ್ಯಗಳಲ್ಲಿ ಅದಕ್ಕೆ ಅನುಮತಿಯೂ ಇಲ್ಲ.

ಈಗ ರೈಫಲ್

ಇಲ್ಲಿಗೆ ಬರುವಷ್ಟರಲ್ಲಿ ಪಟ್ಟಿ ತಾನಾಗಿಯೇ ಸಣ್ಣದಾಗಿರುತ್ತದೆ. ಉಳಿಯುವುದು ಎರಡು ಬಗೆ. ಒಂದು, ನಡುವೆ ಮಡಚಿ ತೆರೆಯುವ ಬ್ರೇಕ್-ಆಕ್ಷನ್. ಸರಳ, ಹಗುರ. ಬ್ರೀಚ್ ಪ್ಲಗ್ ಬಿಚ್ಚಿ ಒರೆಸುವುದು ಸುಲಭ. ಸಿವಿಎ ವುಲ್ಫ್, ಆಪ್ಟಿಮಾ, ಅಕ್ಯೂರಾ ಈ ಜಾತಿಯವು. ಇವುಗಳಲ್ಲೇ ಅಕ್ಯೂರಾ ಎಲ್ಆರ್-ಎಕ್ಸ್‌ಗೆ 30 ಇಂಚಿನ ಉದ್ದ ನಳಿಗೆ ಇದೆ. ನಿಧಾನವಾಗಿ ಉರಿಯುವ ಮದ್ದು ಪೂರ್ತಿ ಕೆಲಸ ಮಾಡಲು ಉದ್ದ ನಳಿಗೆ ಬೇಕು. ಇನ್ನೊಂದು ಬಗೆ ಹಿಂಬದಿಯ ಬೋಲ್ಟ್ ಎಳೆದು ತೆರೆಯುವ ಬೋಲ್ಟ್-ಆಕ್ಷನ್, ಪ್ಯಾರಮೌಂಟ್‌ನ ಹಾಗೆ. ನಳಿಗೆ ಹಿಡಿಗೆ ತಾಗದೆ ಸ್ವತಂತ್ರವಾಗಿ ನಿಲ್ಲುತ್ತದೆ. ಇಡೀ ಜೋಡಣೆ ಬಿಗಿ. ದೊಡ್ಡ ಮದ್ದು ತಡೆಯುತ್ತದೆ. ತೂಕ, ಉದ್ದ, ಬೆಲೆ ಮೂರೂ ಜಾಸ್ತಿ.

ನನ್ನ ಅಭಿಪ್ರಾಯ ಹೀಗಿದೆ. ಕಾಡಿನೊಳಗೆ, ಮರಗಳ ನಡುವೆ ಬೇಟೆಯಾಡುವವರಿಗೆ 150 ಗಜದ ಆಚೆ ಕಾಣಿಸುವುದೇ ಅಪರೂಪ. ಅವರಿಗೆ 0.50ರ, 28ಕ್ಕೆ ಒಂದು ಸುತ್ತಿನ ಸಾಧಾರಣ ಬ್ರೇಕ್-ಆಕ್ಷನ್ ಧಾರಾಳ ಸಾಕು. ಕಾನ್ಸಾಸ್‌ನ ಬಯಲು, ಒಹಾಯೊದ ಕೊಯ್ಲಾದ ಜೋಳದ ಹೊಲದ ಅಂಚಿನಲ್ಲಿ ಕೂರುವವರು 0.45ರ ಉದ್ದ ನಳಿಗೆಯ ಬ್ರೇಕ್-ಆಕ್ಷನ್ ನೋಡಲಿ. 200, 225 ಗಜದವರೆಗೆ ಅದು ನಂಬಿಕೆ ಉಳಿಸಿಕೊಳ್ಳುತ್ತದೆ. ದೊಡ್ಡ ಮದ್ದಿನ ಬೋಲ್ಟ್-ಆಕ್ಷನ್‌ಗೆ ಹೋಗುವವರು ವರ್ಷವಿಡೀ ರೇಂಜ್‌ಗೆ ಹೋಗಿ ಗಾಳಿಯಲ್ಲಿ ಅಭ್ಯಾಸ ಮಾಡುವವರಾಗಿರಬೇಕು. ರೈಫಲ್‌ಗೆ 300 ಗಜದ ಶಕ್ತಿ ಇದ್ದರೂ ಹೊಡೆಯುವವರಿಗೆ ಅದು ಇಲ್ಲದಿದ್ದರೆ ನರಳುವುದು ಪ್ರಾಣಿ. ಮಜಲ್‌ಲೋಡರ್‌ನಲ್ಲಿ ಎರಡನೆಯ ಈಡು ತಕ್ಷಣ ಸಿಗುವುದಿಲ್ಲ. ತುಂಬಿ ಮುಗಿಯುವಷ್ಟರಲ್ಲಿ ಗಾಯಗೊಂಡ ಜಿಂಕೆ ಕಣ್ಮರೆಯಾಗಿರುತ್ತದೆ.

ಸ್ಕೋಪ್‌ಗೆ ಇಟ್ಟ ದುಡ್ಡಿನಲ್ಲಿ ಜಿಪುಣತನ ಬೇಡ. ಈ ರೈಫಲ್‌ಗಳ ಒದೆತ ಜೋರು. ಕಣ್ಣಿಗೂ ಸ್ಕೋಪ್‌ಗೂ ನಾಲ್ಕು ಇಂಚಾದರೂ ಅಂತರ ಸಿಗಬೇಕು, ಇಲ್ಲದಿದ್ದರೆ ಹುಬ್ಬು ಸೀಳುತ್ತದೆ. ಮೇಲಿನ ಗುಬುಟು ಪ್ರತಿ ಸಲ ತಿರುಗಿಸಿದಷ್ಟೇ ಸರಿದು, ವಾಪಸ್ ತಂದಾಗ ಅದೇ ಜಾಗಕ್ಕೆ ಬರಬೇಕು.

ಮನೆಗೆ ತಂದ ಮೇಲೆ ಮೊದಲು ಒಂದೇ ಗುಂಡು, ಒಂದೇ ಮದ್ದು, ಒಂದೇ ಪ್ರೈಮರ್ ಹಿಡಿದು ವೇಗ ಅಳೆಯಿರಿ. ಗುಂಡಿನ ವೇಗ ಅಳೆಯುವ ಕ್ರೊನೋಗ್ರಾಫ್ ಈಗ ಕೈಗೆಟುಕುವ ಬೆಲೆಗೆ ಸಿಗುತ್ತದೆ. ಡಬ್ಬಿಯ ಮೇಲಿನ ವೇಗ ನಿಮ್ಮ ನಳಿಗೆಯ ವೇಗ ಅಲ್ಲ. ಎರಡನೆಯದಾಗಿ, ತೊಳೆದ ತಣ್ಣನೆಯ ನಳಿಗೆಯ ಮೊದಲ ಈಡು ಎಲ್ಲಿ ಬೀಳುತ್ತದೆ ಅಂತ ಬೇರೆ ಬೇರೆ ದಿನ ನೋಡಿ ಬರೆದಿಟ್ಟುಕೊಳ್ಳಿ. ಅದು ನಂತರದ ಈಡುಗಳಿಗಿಂತ ಬೇರೆ ಕಡೆ ಬೀಳುವುದು ಸಾಮಾನ್ಯ. ಬೇಟೆಯಲ್ಲಿ ಸಿಗುವುದು ಆ ಮೊದಲ ಈಡು ಮಾತ್ರ. ಇದಕ್ಕೆ ಹೆದರಿ ಕೆಲವರು ಕಾಡಿಗೆ ಹೊರಡುವ ಮೊದಲು ಒಂದು ಈಡು ಹೊಡೆದು ನಳಿಗೆಗೆ ತೆಳು ಮಸಿ ಕಟ್ಟಿಸುತ್ತಾರೆ. ಎರಡೂ ಸರಿ. ಅಭ್ಯಾಸ ಮಾಡಿದ್ದು ಹೇಗೋ ಬೇಟೆಗೆ ಹೋಗುವುದೂ ಹಾಗೇ ಇರಬೇಕು, ಅಷ್ಟೇ. ಬೇಟೆ ಮುಗಿದ ಸಂಜೆಯೇ ನಳಿಗೆ ತೊಳೆಯಿರಿ. ಟ್ರಿಪಲ್ ಸೆವೆನ್ ನೀರಿಗೆ ಹೋಗುತ್ತದೆ. ಬ್ಲ್ಯಾಕ್‌ಹಾರ್ನ್‌ಗೆ ಬಂದೂಕು ತೊಳೆಯುವ ಸಾಲ್ವೆಂಟ್ ಬೇಕು, ನೀರು ಸಾಲದು.

ಖರೀದಿಯ ಹೊತ್ತಿನ ಬಗ್ಗೆಯೂ ಯೋಚಿಸಿ. ಬ್ಲ್ಯಾಕ್‌ಹಾರ್ನ್ ಕೆಲವು ವರ್ಷ ಅಂಗಡಿಗಳಲ್ಲಿ ಸಿಗುವುದೇ ಕಷ್ಟವಾಗಿತ್ತು. ಗಾತ್ರದಲ್ಲಿ 120 ಗ್ರೇನ್ ಹಾಕುವ ರೈಫಲ್‌ಗೆ ಒಂದು ಡಬ್ಬಿಯಲ್ಲಿ ಸುಮಾರು 50 ಈಡು ಬರುತ್ತದೆ. ರೈಫಲ್ ಸರಿಹೊಂದಿಸಿ ಅಭ್ಯಾಸ ಮಾಡುವಷ್ಟರಲ್ಲಿ ಅದು ಖಾಲಿ. ಹಾಗಾಗಿ ವಸಂತದಲ್ಲೇ ಒಂದೇ ಲಾಟ್ ನಂಬರಿನ ಎರಡು ಡಬ್ಬಿ ಮದ್ದು, ಒಂದೇ ಬಗೆಯ ಗುಂಡು ಮತ್ತು ಪ್ರೈಮರ್ ತಂದಿಟ್ಟುಕೊಳ್ಳಿ. ಬೇಸಿಗೆಯಲ್ಲಿ ಅಭ್ಯಾಸ ಮಾಡಿ. ಅದೇ ಡಬ್ಬಿಯಿಂದ ಸೀಸನ್‌ಗೆ ಹೋಗಿ.